ಒಂದೇ ಮೊಟ್ಟೆ, ನಾಲ್ಕು ದೇಶಗಳ ನಾಲ್ಕು ಪ್ರಶ್ನೆಗಳು

2008ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದ ಮತದಾರರು ಬರಾಕ್ ಒಬಾಮ ಅವರನ್ನು ಅಧ್ಯಕ್ಷ ಸ್ಥಾನಕ್ಕೆ ಆರಿಸಿದ ಚುನಾವಣೆಯಲ್ಲೇ ಕೋಳಿಗಳ ಬಗೆಗಿನ ಪ್ರಶ್ನೆಯೊಂದಕ್ಕೂ ಉತ್ತರ ಕೊಡಬೇಕಿತ್ತು. ಮೊಟ್ಟೆ ಇಡುವ ಕೋಳಿಗೆ ಮಲಗಲು, ಎದ್ದು ನಿಲ್ಲಲು, ಸುತ್ತ ತಿರುಗಲು ಮತ್ತು ರೆಕ್ಕೆಯನ್ನು ಪೂರ್ತಿಯಾಗಿ ಬಿಚ್ಚಲು ಜಾಗ ಇರಲೇಬೇಕೆಂಬ ‘ಪ್ರೊಪೊಸಿಷನ್ 2’ ಎಂಬ ಜನಮತ ಪ್ರಸ್ತಾವಕ್ಕೆ ಶೇ 63ಕ್ಕೂ ಹೆಚ್ಚು ಮಂದಿ ಹೌದು ಎಂದರು. ಆದರೆ ಅದೇ ವರ್ಷ ಅದೇ ರಾಜ್ಯದ ಅಂಗಡಿಗಳಲ್ಲಿ ಮಾರಾಟವಾದ ಮೊಟ್ಟೆಗಳಲ್ಲಿ ಬಹುಪಾಲು ಇಕ್ಕಟ್ಟಿನ ಪಂಜರದ ಕೋಳಿಗಳವೇ ಆಗಿದ್ದವು. ಪಂಜರವಿಲ್ಲದೆ ಸಾಕಿದ ಕೋಳಿಯ ಮೊಟ್ಟೆ ಪಕ್ಕದ ಕಪಾಟಿನಲ್ಲೇ ಸಿಗುತ್ತಿತ್ತು, ಹೆಚ್ಚು ಹಣ ಕೊಟ್ಟು ಅದನ್ನು ಎತ್ತಿಕೊಳ್ಳುವವರು ಮಾತ್ರ ಕಡಿಮೆ ಇದ್ದರು.

ಇದನ್ನು ಆಷಾಢಭೂತಿತನವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಕೃಷಿ ಅರ್ಥಶಾಸ್ತ್ರಜ್ಞರು ಹಾಗೆ ಮಾಡದೆ, ಮತಕ್ಕೂ ಖರೀದಿಗೂ ನಡುವಿನ ಈ ಅಂತರವನ್ನೇ ಅಧ್ಯಯನದ ವಸ್ತುವಾಗಿಸಿಕೊಂಡರು. ಒಂದು ದೇಶದವರು ಪ್ರಾಣಿಪ್ರಿಯರು, ಇನ್ನೊಂದು ದೇಶದವರು ಜಿಪುಣರು, ಮತ್ತೊಂದು ದೇಶದವರು ಸಂಪ್ರದಾಯಸ್ಥರು ಎಂದು ಜನರ ಸ್ವಭಾವಕ್ಕೆ ಹಣೆಪಟ್ಟಿ ಹಚ್ಚುವ ಮೊದಲು, ಆಯಾ ದೇಶದಲ್ಲಿ ಜನರನ್ನು ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಲಾಗುತ್ತದೆ ಎಂಬುದನ್ನು ನೋಡಬೇಕಾಗುತ್ತದೆ. ಮತಗಟ್ಟೆಯಲ್ಲಿ ಕೇಳಿದ ಪ್ರಶ್ನೆಗೆ ಬರುವ ಉತ್ತರವೇ ಬೇರೆ, ಅಂಗಡಿಯ ಕಪಾಟಿನ ಮುಂದೆ ಬರುವ ಉತ್ತರವೇ ಬೇರೆ, ಶಾಲೆಯ ಬಿಸಿಯೂಟದ ಪಂಕ್ತಿಯಲ್ಲಿ ಬರುವ ಉತ್ತರವೇ ಬೇರೆ. ಮೊಟ್ಟೆ ಬಹುತೇಕ ಎಲ್ಲ ದೇಶಗಳಲ್ಲೂ ಸಿಗುವ ಅಗ್ಗದ ವಸ್ತುವಾದ್ದರಿಂದ ಈ ವ್ಯತ್ಯಾಸವನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ.

ಕ್ಯಾಲಿಫೋರ್ನಿಯಾದ ಒಗಟನ್ನು ಮೊದಲು ಬಿಡಿಸೋಣ. ಅಂಗಡಿಯಲ್ಲಿ ಒಬ್ಬಳು ಗೃಹಿಣಿ ದುಬಾರಿ ಮೊಟ್ಟೆಯ ಡಬ್ಬಿಯನ್ನು ಕೊಂಡರೆ ಹೆಚ್ಚಿನ ಹಣ ಅವಳೊಬ್ಬಳ ಕೈಯಿಂದಲೇ ಹೋಗುತ್ತದೆ, ಆದರೆ ಅವಳ ಒಂದು ಡಬ್ಬಿಯಿಂದ ಯಾವ ಫಾರಂನ ಪಂಜರವೂ ತೆರೆದುಕೊಳ್ಳುವುದಿಲ್ಲ. ಮತಪತ್ರದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಹೌದು ಎಂದು ಗುರುತು ಹಾಕಲು ಆ ಕ್ಷಣಕ್ಕೆ ಕಾಸು ಖರ್ಚಿಲ್ಲ, ಗೆದ್ದರೆ ಎಲ್ಲ ಫಾರಂಗಳಿಗೂ ನಿಯಮ ಒಂದೇ, ಬೆಲೆ ಏರಿದರೂ ಅದನ್ನು ಎಲ್ಲರೂ ಸೇರಿ ಹೊರುತ್ತಾರೆ. ‘ಎಲ್ಲರೂ ಮಾಡುವುದಾದರೆ ನಾನೂ ಸಿದ್ಧ, ನಾನೊಬ್ಬಳೇ ಏಕೆ ಮಾಡಲಿ’ ಎಂಬ ಮಾತಿನಲ್ಲಿ ಸುಳ್ಳಾಗಲಿ ಸೋಗಾಗಲಿ ಇಲ್ಲ. ಇದರ ಜೊತೆಗೆ, ಮೊಟ್ಟೆಯನ್ನು ಕೊಳ್ಳದವರಿಗೂ ಮತ ಇರುತ್ತದೆ, ಮೂವತ್ತು ಮೊಟ್ಟೆ ಕೊಳ್ಳುವ ದೊಡ್ಡ ಕುಟುಂಬದ ಯಜಮಾನನಿಗೂ ಒಂದೇ ಮತ ಇರುತ್ತದೆ. ಅಂಗಡಿಯಲ್ಲಿ ಹಾಗಲ್ಲ, ಹೆಚ್ಚು ಕೊಳ್ಳುವವನ ಮಾತಿಗೆ ಹೆಚ್ಚು ತೂಕ. ಬೆಲೆ ಏರಿದಾಗ ಬಡವರ ಮನೆಯ ಲೆಕ್ಕಕ್ಕೆ ಬೀಳುವ ಪೆಟ್ಟು ಸ್ಥಿತಿವಂತರ ಮನೆಗೆ ಬೀಳುವುದಿಲ್ಲ ಎಂಬ ಆಕ್ಷೇಪವೂ ಇಲ್ಲಿಂದಲೇ ಹುಟ್ಟುತ್ತದೆ, ಮತ್ತು ಅದು ತಳ್ಳಿಹಾಕುವಂಥ ಆಕ್ಷೇಪವಲ್ಲ.

ಆ ಮತದಾನಕ್ಕೆ ಮುಂದೆ ಉದ್ದನೆಯ ಬಾಲ ಬೆಳೆಯಿತು. ರಾಜ್ಯದ ಒಳಗಿನ ಫಾರಂಗಳಿಗೆ ಮಾತ್ರ ನಿಯಮ ಬಿಗಿಯಾದರೆ ಹೊರರಾಜ್ಯದ ಅಗ್ಗದ ಮೊಟ್ಟೆ ಒಳಗೆ ನುಗ್ಗಿ ಸ್ಥಳೀಯ ರೈತರು ಮುಳುಗುತ್ತಾರೆಂದು ಮನಗಂಡ ಶಾಸನಸಭೆ, ರಾಜ್ಯದಲ್ಲಿ ಮಾರುವ ಮೊಟ್ಟೆಗಳೆಲ್ಲವೂ ಅದೇ ನಿಯಮಕ್ಕೆ ಒಳಪಡಬೇಕೆಂದು 2010ರಲ್ಲಿ ಕಾನೂನು ಮಾಡಿತು. ಎರಡೂ 2015ರ ಜನವರಿಯಲ್ಲಿ ಜಾರಿಗೆ ಬಂದವು. 2018ರಲ್ಲಿ ‘ಪ್ರೊಪೊಸಿಷನ್ 12’ ಮೂಲಕ ಮತದಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಂಜರವನ್ನೇ ನಿಷೇಧಿಸಿದರು. ಇದೇ ಕಾನೂನಿನ ಹಂದಿಮಾಂಸದ ಭಾಗವನ್ನು ಪ್ರಶ್ನಿಸಿ ಹಂದಿ ಸಾಕಣೆದಾರರ ಸಂಘ ಹೂಡಿದ ದಾವೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಐದಕ್ಕೆ ನಾಲ್ಕರ ಅಂತರದಿಂದ ತಳ್ಳಿಹಾಕಿತು. ಹೀಗೆ ಒಂದು ರಾಜ್ಯದ ಮತಪೆಟ್ಟಿಗೆಯಿಂದ ಹೊರಬಿದ್ದ ತೀರ್ಮಾನಕ್ಕೆ, ಆ ಮತದಾನದಲ್ಲಿ ಭಾಗವಹಿಸದ ಅಯೋವಾದಂಥ ದೂರದ ರಾಜ್ಯಗಳ ರೈತರೂ ತಮ್ಮ ಕೊಟ್ಟಿಗೆಗಳನ್ನು ಹೊಂದಿಸಿಕೊಳ್ಳಬೇಕಾಗಿ ಬಂತು.

ಆದರೆ ಮತದಾರನೊಳಗಿನ ಗ್ರಾಹಕ ಎಲ್ಲಿಗೂ ಹೋಗಿರುವುದಿಲ್ಲ. ಹಕ್ಕಿಜ್ವರದಿಂದ ಕೋಟಿಗಟ್ಟಲೆ ಕೋಳಿಗಳು ನಾಶವಾಗಿ, 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿತು. ಅಷ್ಟರಲ್ಲಾಗಲೇ, ಅಂದರೆ ಫೆಬ್ರುವರಿಯಲ್ಲೇ, ನೆವಾಡಾ ರಾಜ್ಯವು ಪಂಜರದ ಮೊಟ್ಟೆಯ ಮಾರಾಟಕ್ಕೆ ತಾನೇ ಹಾಕಿದ್ದ ನಿಷೇಧವನ್ನು 120 ದಿನಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಅಮೆರಿಕದ ರಾಜಕಾರಣದಲ್ಲಿ ಮೊಟ್ಟೆಯ ಬೆಲೆಗೆ ಇರುವ ಸ್ಥಾನವನ್ನು ನಮ್ಮ ಕಡೆಯ ಈರುಳ್ಳಿಗೆ ಹೋಲಿಸಬಹುದು.

ಸ್ವಿಟ್ಜರ್‌ಲ್ಯಾಂಡಿನ ಕಥೆ ಇದಕ್ಕೆ ತದ್ವಿರುದ್ಧವಾಗಿ ಓಡುತ್ತದೆ. ಅಲ್ಲಿ ಪ್ರಾಣಿ ಸಂರಕ್ಷಣಾ ಕಾಯ್ದೆ 1978ರಲ್ಲೇ ಜನಮತಕ್ಕೆ ಬಂದು ಭಾರಿ ಬಹುಮತದಿಂದ ಗೆದ್ದಿತು, 1981ರಲ್ಲಿ ಜಾರಿಯಾಯಿತು. ರೈತರಿಗೆ ಹತ್ತು ವರ್ಷಗಳ ಕಾಲಾವಕಾಶ ಕೊಟ್ಟು 1992ರ ಹೊತ್ತಿಗೆ ಪಂಜರಗಳನ್ನು ತೆರವುಗೊಳಿಸಿದ ಜಗತ್ತಿನ ಮೊದಲ ದೇಶ ಅದು. ಒಂದು ಫಾರಂನಲ್ಲಿ 18,000ಕ್ಕಿಂತ ಹೆಚ್ಚು ಮೊಟ್ಟೆ ಕೋಳಿಗಳನ್ನು ಸಾಕುವಂತಿಲ್ಲ ಎಂಬ ಮಿತಿಯೂ ಅಲ್ಲಿದೆ. ಸಾವಯವ ಆಹಾರಕ್ಕೆ ತಲಾ ಹೆಚ್ಚು ಹಣ ಖರ್ಚು ಮಾಡುವ ದೇಶಗಳ ಸಾಲಿನಲ್ಲಿ ಸ್ವಿಸ್ ಜನ ಸದಾ ಮುಂಚೂಣಿಯಲ್ಲಿರುತ್ತಾರೆ. ಇಂಥವರ ಮುಂದೆ 2022ರ ಸೆಪ್ಟೆಂಬರ್ 25ರಂದು, ಎಲ್ಲ ಜಾನುವಾರು ಸಾಕಣೆಯೂ ಸಾವಯವ ಮಟ್ಟಕ್ಕೆ ಏರಬೇಕು, ಆಮದಾಗುವ ಮಾಂಸ, ಮೊಟ್ಟೆಗಳಿಗೂ ಅದೇ ನಿಯಮ ಅನ್ವಯಿಸಬೇಕು ಎಂಬ ಪ್ರಸ್ತಾವ ಬಂದಾಗ, ಹೌದು ಎನ್ನುತ್ತಾರೆಂದು ಯಾರಾದರೂ ಊಹಿಸಬಹುದಿತ್ತು. ಶೇ 63ರಷ್ಟು ಜನ ಬೇಡ ಎಂದರು. ಇಡೀ ದೇಶದಲ್ಲಿ ಅದನ್ನು ಒಪ್ಪಿದ್ದು ಬಾಸೆಲ್ ನಗರ ಪ್ರಾಂತ್ಯ ಒಂದೇ.

ಕ್ಯಾಲಿಫೋರ್ನಿಯಾದಲ್ಲಿ ಶೇ 63 ಹೌದು, ಸ್ವಿಟ್ಜರ್‌ಲ್ಯಾಂಡಿನಲ್ಲಿ ಶೇ 63 ಬೇಡ. ಅಂಕಿಗಳನ್ನು ಮಾತ್ರ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಸ್ವಿಸ್ ಜನ ಕ್ರೂರಿಗಳಂತೆ ಕಂಡಾರು. ನಿಜ ಸಂಗತಿ ಏನೆಂದರೆ, ಅವರ ಮುಂದಿದ್ದ ಪ್ರಶ್ನೆ ಪಂಜರದ್ದಾಗಿರಲಿಲ್ಲ, ಅದು ತೀರ್ಮಾನವಾಗಿ ಮೂವತ್ತು ವರ್ಷಗಳೇ ಕಳೆದಿದ್ದವು. ಸಾವಯವ ಮೊಟ್ಟೆ ಬೇಕಾದವರಿಗೆ ಅದು ಪ್ರತಿ ಅಂಗಡಿಯಲ್ಲೂ ಸಿಗುತ್ತಿತ್ತು. ಬೇಕಾದವರು ಕೊಳ್ಳುತ್ತಿದ್ದಾರಲ್ಲ, ಬೇಡದವರ ಮೇಲೆ ಏಕೆ ಹೇರಬೇಕು ಎಂಬ ವಾದಕ್ಕೆ ಅಲ್ಲಿ ಬಲವಿತ್ತು. ಸರ್ಕಾರವೂ ಸಂಸತ್ತಿನ ಬಹುಮತವೂ ರೈತರ ಒಕ್ಕೂಟವೂ ಪ್ರಸ್ತಾವವನ್ನು ವಿರೋಧಿಸಿದ್ದವು, ಆಮದಿನ ಮೇಲಿನ ಷರತ್ತು ವ್ಯಾಪಾರ ಒಪ್ಪಂದಗಳಿಗೆ ಧಕ್ಕೆ ತರುತ್ತದೆಂಬ ಭಯವೂ ಇತ್ತು. ಇನ್ನೊಂದು ವಿಷಯವನ್ನು ಮರೆಯಬಾರದು. ವರ್ಷಕ್ಕೆ ಮೂರು ನಾಲ್ಕು ಬಾರಿ ಜನಮತ ಗಣನೆ ನಡೆಯುವ ದೇಶದಲ್ಲಿ ಮತದಾರ ಕ್ರಮೇಣ ಖರ್ಚಿನ ಲೆಕ್ಕ ಹಾಕುವ ಶಾಸಕನಂತೆ ಯೋಚಿಸತೊಡಗುತ್ತಾನೆ. ವರ್ಷಕ್ಕೆ ಆರು ವಾರಗಳ ಸಂಬಳಸಹಿತ ರಜೆ ಕೊಡಿಸುವ ಪ್ರಸ್ತಾವವನ್ನು 2012ರಲ್ಲಿ ಇದೇ ಜನ ಮೂರರಲ್ಲಿ ಎರಡು ಪಾಲು ಬಹುಮತದಿಂದ ನಿರಾಕರಿಸಿದ್ದರು ಎಂಬುದನ್ನು ಕೇಳಿದರೆ ನಮ್ಮ ಕಚೇರಿಗಳಲ್ಲಿ ಯಾರೂ ನಂಬಲಿಕ್ಕಿಲ್ಲ.

ಜರ್ಮನಿಯಲ್ಲಿ ರಾಷ್ಟ್ರಮಟ್ಟದಲ್ಲಿ ಇಂಥ ಪ್ರಶ್ನೆಯನ್ನು ಜನರ ಮತಕ್ಕೆ ಹಾಕುವ ವ್ಯವಸ್ಥೆಯೇ ಇಲ್ಲ. ಅಲ್ಲಿ ಮೊದಲ ಪೆಟ್ಟು ಬಿದ್ದದ್ದು ನ್ಯಾಯಾಲಯದಿಂದ. ಕೋಳಿ ಪಂಜರಗಳ ಅಳತೆಯನ್ನು ನಿಗದಿಪಡಿಸಿದ್ದ ಸರ್ಕಾರಿ ನಿಯಮವನ್ನು ದೇಶದ ಸಾಂವಿಧಾನಿಕ ನ್ಯಾಯಾಲಯ 1999ರ ಜುಲೈನಲ್ಲಿ ರದ್ದುಪಡಿಸಿತು. ಅದೇ ವರ್ಷ ಐರೋಪ್ಯ ಒಕ್ಕೂಟವು 2012ರ ಜನವರಿಯಿಂದ ಹಳೆಯ ಮಾದರಿಯ ಪಂಜರಗಳನ್ನು ನಿಷೇಧಿಸುವ ನಿರ್ದೇಶನ ಹೊರಡಿಸಿತು. ಆ ಹಳೆಯ ಪಂಜರದಲ್ಲಿ ಕೋಳಿಯೊಂದಕ್ಕೆ ಸಿಗಬೇಕಿದ್ದ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್. ನಾವು ಅರ್ಜಿ ಬರೆಯುವ ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್ ಆದ್ದರಿಂದ, ಕೋಳಿಯ ಪಾಲಿಗೆ ಒಂದು ಹಾಳೆಯೂ ಪೂರ್ತಿ ಸಿಗುತ್ತಿರಲಿಲ್ಲ. ನಿಷೇಧದ ನಂತರ ಒಪ್ಪಿಗೆಯಾದ ‘ಸುಧಾರಿತ’ ಪಂಜರದಲ್ಲಿ 750 ಚದರ ಸೆಂಟಿಮೀಟರ್, ಎಂದರೆ ಒಂದು ಹಾಳೆ ಮತ್ತು ಮೇಲೊಂದು ಅಂಗೈಯಗಲ.

ಆದರೆ ಜರ್ಮನ್ ಗ್ರಾಹಕನ ಆಯ್ಕೆಯನ್ನು ಬದಲಿಸಿದ್ದರಲ್ಲಿ ಈ ನಿಷೇಧದಷ್ಟೇ ಪಾಲು ಒಂದು ಪುಟ್ಟ ಮುದ್ರೆಗೂ ಸಲ್ಲಬೇಕು. 2004ರಿಂದ ಐರೋಪ್ಯ ಒಕ್ಕೂಟದಲ್ಲಿ ಅಂಗಡಿಗೆ ಬರುವ ಮೊಟ್ಟೆಯ ಚಿಪ್ಪಿನ ಮೇಲೆಯೇ ಒಂದು ಸಂಕೇತ ಒತ್ತಿರುತ್ತದೆ. ಅದರ ಮೊದಲ ಅಂಕಿ 0 ಆಗಿದ್ದರೆ ಸಾವಯವ, 1 ಆಗಿದ್ದರೆ ಬಯಲಲ್ಲಿ ಅಡ್ಡಾಡುವ ಕೋಳಿ, 2 ಆಗಿದ್ದರೆ ಪಂಜರವಿಲ್ಲದ ಕೊಟ್ಟಿಗೆಯೊಳಗಿನ ಕೋಳಿ, 3 ಆಗಿದ್ದರೆ ಪಂಜರದ ಕೋಳಿ. ನಂತರ ದೇಶದ ಅಕ್ಷರಗಳು, ಆಮೇಲೆ ಫಾರಂನ ಸಂಖ್ಯೆ. ಡಬ್ಬಿಯ ಮೇಲೆ ಹಸಿರು ಹುಲ್ಲುಗಾವಲಿನ ಎಂಥ ಚಿತ್ರವನ್ನು ಅಚ್ಚು ಹಾಕಿದರೂ, ಮುಚ್ಚಳ ತೆಗೆದ ಕೂಡಲೇ ಮೊಟ್ಟೆಯೇ ನಿಜ ಹೇಳುತ್ತದೆ. 3 ಎಂಬ ಅಂಕಿಗೆ ಕೆಟ್ಟ ಹೆಸರು ಬಂದದ್ದನ್ನು ಗಮನಿಸಿದ ದೊಡ್ಡ ಅಂಗಡಿ ಸರಪಳಿಗಳು 2010ರ ಹೊತ್ತಿಗೆ ಅಂಥ ಮೊಟ್ಟೆಯನ್ನು ಕಪಾಟಿನಿಂದಲೇ ತೆಗೆದವು. ಇಂದು ಅಲ್ಲಿ ಹೆಚ್ಚು ಖರ್ಚಾಗುವುದು 2ರ ಮೊಟ್ಟೆ. ಅದು ಅಂಗಡಿಯಲ್ಲಿ ಉಳಿದಿರುವವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಅಂದರೆ ಜರ್ಮನ್ ಗ್ರಾಹಕನೂ ಕ್ಯಾಲಿಫೋರ್ನಿಯಾದವನಂತೆ ಅಗ್ಗದ್ದನ್ನೇ ಆರಿಸುತ್ತಿದ್ದಾನೆ, ಅವನಿಗಿಂತ ಮೊದಲೇ ಅಂಗಡಿಯವನು ಸಾಲಿನ ಕೆಳತುದಿಯನ್ನು ಕತ್ತರಿಸಿಟ್ಟಿದ್ದಾನೆ, ಅಷ್ಟೇ. ಈ ಕತ್ತರಿಸುವ ಕೆಲಸಕ್ಕೆ ಯಾರೂ ಮತ ಹಾಕಲಿಲ್ಲ ಎಂಬುದು ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲದ ಸಂಗತಿ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಬೀದಿಯ ಅಂಗಡಿಯಲ್ಲಿ ಮೂವತ್ತರ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ, ಆರು ಮೊಟ್ಟೆ ಕೇಳಿದರೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುತ್ತಾರೆ. ಚಿಪ್ಪಿನ ಮೇಲೆ ಅಂಕಿ ಇಲ್ಲ, ಅಕ್ಷರ ಇಲ್ಲ. ಕೋಳಿ ಎಲ್ಲಿಯದು ಎಂದು ಒಮ್ಮೆ ಕೇಳಿದಾಗ ಅಂಗಡಿಯವರು ನನ್ನ ಮುಖ ನೋಡಿ, “ಇದು ಫಾರಂ ಮೊಟ್ಟೆ ಸಾರ್, ನಾಟಿ ಬೇಕಾದ್ರೆ ಅಲ್ಲಿದೆ, ರೇಟು ಡಬಲ್” ಎಂದರು. ನಮ್ಮ ಗ್ರಾಹಕನಿಗೆ ಗೊತ್ತಿರುವ ವರ್ಗೀಕರಣ ಅದೊಂದೇ, ದಕ್ಷಿಣದಲ್ಲಿ ಫಾರಂ ಮತ್ತು ನಾಟಿ, ಉತ್ತರ ಕರ್ನಾಟಕದಲ್ಲಿ ಫಾರಂ ಮತ್ತು ಜವಾರಿ ತತ್ತಿ. ನಾಟಿಗೆ ಕೊಡುವ ಹೆಚ್ಚಿನ ಹಣ ರುಚಿಗೂ ಬಾಣಂತಿಯ ಪಥ್ಯಕ್ಕೂ ಮೈಗೆ ಬಲ ಬರುತ್ತದೆಂಬ ನಂಬಿಕೆಗೂ ಹೊರತು, ಕೋಳಿ ಸುಖವಾಗಿತ್ತು ಎಂಬ ಕಾರಣಕ್ಕಲ್ಲ. ಕಂದು ಚಿಪ್ಪಿನದೆಲ್ಲವೂ ನಾಟಿ ಎಂದು ನಂಬುವವರು ಬಹಳ, ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆಯೇ ಹೊರತು ಸಾಕಿದ ರೀತಿಯಿಂದಲ್ಲ.

ಬೆಲೆ ನಿಗದಿಯಾಗುವ ಬಗೆಯೂ ಇಲ್ಲಿ ಬೇರೆ. ಕೋಳಿ ಉದ್ಯಮಿ ಡಾ. ಬಿ. ವಿ. ರಾವ್ ಅವರ ಮುಂದಾಳುತನದಲ್ಲಿ 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ‘ನನ್ನ ಮೊಟ್ಟೆ, ನನ್ನ ಬೆಲೆ, ನನ್ನ ಬದುಕು’ ಎಂಬ ಅರ್ಥದ ಘೋಷಣೆಯೊಂದಿಗೆ ಸಾಕಣೆದಾರರನ್ನು ಒಗ್ಗೂಡಿಸಿತು. ಅಲ್ಲಿಯವರೆಗೆ ದರ ಹೇಳುತ್ತಿದ್ದವರು ವ್ಯಾಪಾರಿಗಳು. ಇಂದಿಗೂ ಆ ಸಮಿತಿ ಬೆಂಗಳೂರು, ಮೈಸೂರು, ಹೊಸಪೇಟೆ ಮುಂತಾದ ವಲಯಗಳಿಗೆ ನೂರು ಮೊಟ್ಟೆಯ ಲೆಕ್ಕದಲ್ಲಿ ದರ ಪ್ರಕಟಿಸುತ್ತದೆ. ಆ ದರ ಶ್ರಾವಣದಲ್ಲಿ ಇಳಿಯುತ್ತದೆ, ಚಳಿಗಾಲದಲ್ಲಿ ಕೇಕಿನ ಹಂಗಾಮಿಗೆ ಏರುತ್ತದೆ. ಕ್ಯಾಲಿಫೋರ್ನಿಯಾದ ಬೇಡಿಕೆಯನ್ನು ಕಾನೂನು ಬದಲಿಸಿದರೆ ನಮ್ಮ ಬೇಡಿಕೆಯನ್ನು ಪಂಚಾಂಗ ಬದಲಿಸುತ್ತದೆ.

ಭಾರತದಲ್ಲಿ 2023–24ರ ಮೊಟ್ಟೆ ಉತ್ಪಾದನೆ 14,277 ಕೋಟಿ, ತಲಾ ಲೆಕ್ಕ ಹಾಕಿದರೆ ವರ್ಷಕ್ಕೆ 103. ಜಪಾನಿನಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮೊಟ್ಟೆ ತಿನ್ನುತ್ತಾನೆ. ಹೀಗಿರುವಾಗ ನಮ್ಮಲ್ಲಿ ಮೊಟ್ಟೆಯ ರಾಜಕಾರಣ ಕೋಳಿಯ ಜಾಗದ ಸುತ್ತ ಸುತ್ತುವ ಬದಲು ಮಗುವಿನ ತಟ್ಟೆಯ ಸುತ್ತ ಸುತ್ತುತ್ತಿರುವುದು ಸಹಜವೇ. ಕಾನೂನು ಆಯೋಗ 2017ರ ಜುಲೈನಲ್ಲಿ ತನ್ನ 269ನೇ ವರದಿಯಲ್ಲಿ ಪಂಜರದ ಸಮಸ್ಯೆಯನ್ನು ವಿವರವಾಗಿ ಚರ್ಚಿಸಿತಾದರೂ, ಅದನ್ನು ಯಾವ ಪಕ್ಷವೂ ಚುನಾವಣೆಯ ವಿಷಯವಾಗಿಸಿದ್ದು ಕಾಣೆ. ಶಾಲೆಯ ಮೊಟ್ಟೆ ಮಾತ್ರ ಸರ್ಕಾರಗಳನ್ನು ಅಲುಗಾಡಿಸುತ್ತದೆ. ತಮಿಳುನಾಡು 1989ರಿಂದಲೇ ಮಕ್ಕಳ ಊಟಕ್ಕೆ ಮೊಟ್ಟೆ ಸೇರಿಸಿದೆ. ಮಧ್ಯಪ್ರದೇಶದಲ್ಲಿ 2015ರಲ್ಲಿ ಅಂಗನವಾಡಿಗಳಿಗೆ ಮೊಟ್ಟೆ ಕೊಡುವ ಪ್ರಸ್ತಾವವನ್ನು ಮುಖ್ಯಮಂತ್ರಿಯೇ ತಳ್ಳಿಹಾಕಿದರು. ಮಹಾರಾಷ್ಟ್ರ 2025ರ ಜನವರಿಯಲ್ಲಿ ಶಾಲಾ ಮೊಟ್ಟೆಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿತು.

ಕರ್ನಾಟಕದಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ 2021ರ ಡಿಸೆಂಬರಿನಲ್ಲಿ ಮೊಟ್ಟೆ ವಿತರಣೆ ಆರಂಭವಾದಾಗ ಹಲವು ಮಠಾಧೀಶರು ಬಲವಾಗಿ ವಿರೋಧಿಸಿದರು. ಶಾಲೆ ಎಂಬುದು ಎಲ್ಲ ಸಮುದಾಯದ ಮಕ್ಕಳು ಕೂಡಿ ಉಣ್ಣುವ ಜಾಗ, ಅಲ್ಲಿ ಮೊಟ್ಟೆ ಬೇಯಿಸಿದರೆ ತಿನ್ನದ ಮಕ್ಕಳಿಗೆ ಭೇದದ ಭಾವನೆ ಬರುತ್ತದೆ ಎಂಬುದು ಅವರ ವಾದ. ತಿನ್ನುವ ಮಕ್ಕಳೂ ಅಷ್ಟೇ ಜೋರಾಗಿ ದನಿ ಎತ್ತಿದರು. ಯಾದಗಿರಿಯಲ್ಲಿ ಮೊಟ್ಟೆ ತಿಂದ ಮಕ್ಕಳ ಬೆಳವಣಿಗೆಯನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿದ ಅಧ್ಯಯನವು ಮೊಟ್ಟೆಯ ಪರವಾಗಿ ಫಲಿತಾಂಶ ಕೊಟ್ಟ 2022ರಲ್ಲೇ, ರಾಷ್ಟ್ರೀಯ ಶಿಕ್ಷಣ ನೀತಿಗೆಂದು ರಾಜ್ಯದಲ್ಲಿ ರಚನೆಯಾದ ಸಮಿತಿಯೊಂದು ತನ್ನ ವರದಿಯಲ್ಲಿ ಮೊಟ್ಟೆಯನ್ನು ವಿರೋಧಿಸಿತು. ಕೊನೆಗೆ ಯೋಜನೆ ನಿಲ್ಲದೆ ರಾಜ್ಯಕ್ಕೆಲ್ಲ ಹರಡಿತು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದಾದ ಮೇಲೆ 2024ರಿಂದ ವಾರಕ್ಕೆ ಎರಡರ ಬದಲು ಆರು ದಿನವೂ ಮೊಟ್ಟೆ ಬಂತು.

ಇಲ್ಲಿ ಆಯ್ಕೆ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊಟ್ಟೆ ಬೇಡ ಎನ್ನುವ ಮಗುವಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂಬ ಪರ್ಯಾಯ ಇಡಲಾಯಿತು. ಹಾಗಾಗಿ ಅಡುಗೆಯವರಿಗೆ ಲೆಕ್ಕ ಕೊಡಲು ಮೊಟ್ಟೆ ಎಷ್ಟು, ಹಣ್ಣು ಎಷ್ಟು ಎಂದು ಮೊದಲೇ ಎಣಿಸಿಕೊಳ್ಳಬೇಕಾಗುತ್ತದೆ, ಮುಖ್ಯ ಶಿಕ್ಷಕರು ಒಂದು ಮೊಟ್ಟೆಗೆ ನಿಗದಿಯಾದ 6 ರೂಪಾಯಿಯೊಳಗೇ ಅದರ ಖರೀದಿ, ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿ ಎಲ್ಲವನ್ನೂ ಪೈಸೆಗಳಲ್ಲಿ ಹಂಚಬೇಕಾಗುತ್ತದೆ. ಈ ಎಣಿಕೆಯಲ್ಲಿ ಮಗು ಕೈ ಎತ್ತುವುದು ಇಡೀ ತರಗತಿಯ ಎದುರು. ಕ್ಯಾಲಿಫೋರ್ನಿಯಾದ ಮತದಾರ ಪರದೆಯ ಹಿಂದೆ ಗುರುತು ಹಾಕುತ್ತಾನೆ, ಜರ್ಮನ್ ಗ್ರಾಹಕ ತನ್ನ ಚೀಲಕ್ಕೆ ಏನು ಹಾಕಿಕೊಂಡ ಎಂದು ನೆರೆಯವರು ನೋಡುವುದಿಲ್ಲ. ನಮ್ಮ ಶಾಲೆಯಲ್ಲಿ ಎತ್ತಿದ ಕೈಯ ಹಿಂದೆ ಮನೆತನ, ಜಾತಿ, ಊರಿನ ಮಠ, ದೇವಸ್ಥಾನ ಎಲ್ಲವೂ ಕಾಣುತ್ತವೆ. ಮನೆಯಲ್ಲಿ ಮೊಟ್ಟೆ ತಿನ್ನದ ಮಗು ಶಾಲೆಯಲ್ಲಿ ತಿಂದರೆ ಸಂಜೆಯೊಳಗೆ ಸುದ್ದಿ ಮನೆ ಮುಟ್ಟುತ್ತದೆ. 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ದೇವಸ್ಥಾನದ ಬಳಿಯ ಶಾಲೆಯಲ್ಲಿ ಮೊಟ್ಟೆ ಬೇಯಿಸುವುದನ್ನು ವಿರೋಧಿಸಿ ಹಲವು ಪೋಷಕರು ಮಕ್ಕಳ ವರ್ಗಾವಣೆ ಪತ್ರವನ್ನೇ ಪಡೆದುಕೊಂಡರು. ಆದ್ದರಿಂದ ಶಾಲೆಗಳಲ್ಲಿ ಎಷ್ಟು ಮಕ್ಕಳು ಮೊಟ್ಟೆ ಆರಿಸಿದರು ಎಂಬ ಅಂಕಿಯನ್ನು, ಎಷ್ಟು ಮಕ್ಕಳಿಗೆ ಮೊಟ್ಟೆ ಇಷ್ಟ ಎಂಬ ಅಂಕಿಯಾಗಿ ಓದುವಾಗ ಎಚ್ಚರ ಬೇಕು. ಗುಪ್ತ ಮತದಾನದ ಫಲಿತಾಂಶಕ್ಕೂ ಬಹಿರಂಗವಾಗಿ ಕೈ ಎತ್ತಿಸಿದ ಫಲಿತಾಂಶಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ.

ಒಂದು ದೇಶ ಯಾವ ಸಂಗತಿಯನ್ನು ಗ್ರಾಹಕನಿಗೆ ತಿಳಿಸಲೇಬೇಕೆಂದು ಕಡ್ಡಾಯ ಮಾಡುತ್ತದೆಯೋ ಅದರಲ್ಲೂ ಈ ಭೇದ ಕಾಣುತ್ತದೆ. ಐರೋಪ್ಯ ಒಕ್ಕೂಟದ ಮುದ್ರೆ ಕೋಳಿ ಹೇಗೆ ಬದುಕಿತ್ತು ಎಂದು ಹೇಳುತ್ತದೆ. ಅಮೆರಿಕದ ಡಬ್ಬಿಯಲ್ಲಿ ಎದ್ದು ಕಾಣುವುದು ಮೊಟ್ಟೆಯ ಗಾತ್ರ ಮತ್ತು ದರ್ಜೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ಆಮದಾದ ಪಂಜರದ ಮೊಟ್ಟೆಯ ಮೇಲೆ, ಇದು ನಮ್ಮ ದೇಶದಲ್ಲಿ ಅನುಮತಿಯಿಲ್ಲದ ರೀತಿಯಲ್ಲಿ ಸಾಕಿದ ಕೋಳಿಯದು ಎಂದು ಬರೆಯಲೇಬೇಕು. ಭಾರತದ ಪೊಟ್ಟಣದ ಮೇಲಿನ ಗುರುತು ಕೇಳುವ ಪ್ರಶ್ನೆಯೇ ಬೇರೆ, ಒಳಗೆ ಮೊಟ್ಟೆ ಇದೆಯೋ ಇಲ್ಲವೋ ಎಂಬುದು. ಇಲ್ಲದಿದ್ದರೆ ಹಸಿರು ಚುಕ್ಕೆ, ಇದ್ದರೆ ಮಾಂಸಾಹಾರದ ಕಂದು ತ್ರಿಕೋನ. ಮಾಂಸವಿಲ್ಲದೆ ಮೊಟ್ಟೆ ಮಾತ್ರ ಇದ್ದರೆ ಹಾಗೆಂದು ಪ್ರತ್ಯೇಕವಾಗಿ ಘೋಷಿಸಿಕೊಳ್ಳಲು ತಯಾರಕನಿಗೆ ಅವಕಾಶವೂ ಇದೆ.

ಜರ್ಮನಿಯಲ್ಲಿ ನೆಲೆಸಿರುವ ಪರಿಚಯದ ಕನ್ನಡ ಕುಟುಂಬವೊಂದಿದೆ. ಗಂಡ ಮೊಟ್ಟೆ ತಿನ್ನುತ್ತಾರೆ, ಹೆಂಡತಿ ತಿನ್ನುವುದಿಲ್ಲ. ಹೋದ ಹೊಸದರಲ್ಲಿ ಚಿಪ್ಪಿನ ಮೇಲಿನ ಅಂಕಿ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಬಿಸ್ಕತ್ತು, ನೂಡಲ್ಸ್ ಪೊಟ್ಟಣಗಳನ್ನು ತಿರುಗಿಸಿ ಒಳವಸ್ತುಗಳ ಪಟ್ಟಿಯಲ್ಲಿ ಜರ್ಮನ್ ಭಾಷೆಯ ‘ಐ’, ಅಂದರೆ ಮೊಟ್ಟೆ, ಎಂಬ ಪುಟ್ಟ ಪದವನ್ನು ಹುಡುಕುವುದರಲ್ಲೇ ಅವರ ಅಂಗಡಿ ಸಮಯ ಕಳೆಯುತ್ತಿತ್ತು. ಈಗ ಗಂಡ ತಮ್ಮ ಪಾಲಿಗೆ 1ರ ಮೊಟ್ಟೆಯನ್ನು ನೋಡಿ ಕೊಳ್ಳುತ್ತಾರೆ. ನೂಡಲ್ಸ್ ಪೊಟ್ಟಣದಲ್ಲಿ ಮಾತ್ರ ಅವರಿಗೆ ಅಂಕಿ ಸಿಗುವುದಿಲ್ಲ, ಏಕೆಂದರೆ ಚಿಪ್ಪೊಡೆದು ಹಿಟ್ಟಿಗೆ ಸೇರಿದ ಮೊಟ್ಟೆ ಎಂಥ ಕೋಳಿಯದು ಎಂದು ತಿಳಿಸುವುದನ್ನು ಅಲ್ಲಿಯ ಕಾನೂನು ಕಡ್ಡಾಯ ಮಾಡಿಲ್ಲ, ಮತ್ತು ಅಂಗಡಿಯ ಕಪಾಟಿನಿಂದ ಹೊರಬಿದ್ದ ಪಂಜರದ ಮೊಟ್ಟೆಗೆ ಕಾರ್ಖಾನೆಯ ಬಾಗಿಲು ಇನ್ನೂ ತೆರೆದೇ ಇದೆ.